ಪರರ ಪರವಾಗಿ ಆಡುವ ಮಾತು

ಸತ್ಯವನ್ನು ವ್ರತವಾಗಿ ಹಿಡಿಯಬಯಸುವವನು ವಕೀಲಿ ವೃತ್ತಿಯನ್ನು ಕೈಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಜನ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಕೇಳುವವರಲ್ಲಿ ಬಹುಮಂದಿ ಉತ್ತರವನ್ನು ಮುಂಚಿತವಾಗಿಯೇ ನಿಶ್ಚಯಿಸಿಕೊಂಡಿರುತ್ತಾರೆ. ಮೊಮ್ಮಗನು ಲಾ ಕಾಲೇಜಿಗೆ ಸೇರುವೆನೆಂದಾಗ ಮನೆಯ ಅಜ್ಜ, "ಸುಳ್ಳು ಹೇಳದೆ ಆ ಕಸುಬು ನಡೆದೀತೇನಪ್ಪ?" ಎಂದು ಕೇಳುವುದು ಇಂದಿಗೂ ನಿಂತಿಲ್ಲ. ಈ ಶಂಕೆಯನ್ನು ಅಜ್ಞಾನವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅದರ ಹಿಂದೆ ತ್ರಿಕರಣಶುದ್ಧಿಯೆಂಬ ಗಂಭೀರವಾದ ಆದರ್ಶವಿದೆ. ಮನಸ್ಸಿನಲ್ಲಿದ್ದುದು ಮಾತಿನಲ್ಲಿರಬೇಕು, ಮಾತಿನಲ್ಲಿದ್ದುದು ಕೃತಿಯಲ್ಲಿರಬೇಕು ಎಂದು ನಂಬಿದ ಜನಕ್ಕೆ, ವಾದಿಯು ಮೊದಲು ಬಂದು ವಕಾಲತ್ತು ಕೊಟ್ಟಿದ್ದರೆ ವಾದಿಯ ಪರವಾಗಿಯೂ ಪ್ರತಿವಾದಿಯು ಮೊದಲು ಬಂದಿದ್ದರೆ ಅವನ ಪರವಾಗಿಯೂ ಸಮಾನವಾದ ಆವೇಶದಿಂದ ಮಾತನಾಡಬಲ್ಲ ಮನುಷ್ಯನು ಒಗಟಾಗಿ ತೋರುವುದು ಸಹಜವೇ ಸರಿ. ಅವನ ಮಾತಿಗೂ ಅವನ ಅಂತಃಕರಣಕ್ಕೂ ಇರುವ ಸಂಬಂಧ ಎಂಥದು? ಸಂಬಂಧವೇ ಇಲ್ಲವೆಂದಾದರೆ, ಅವನು ಪ್ರತಿದಿನ ಪ್ರಾತಃಕಾಲದಲ್ಲಿ ಮಾಡುವ ಜಪಕ್ಕೂ ಹನ್ನೊಂದು ಗಂಟೆಗೆ ಮಾಡುವ ವಾದಕ್ಕೂ ನಡುವೆ ಯಾವ ಗೋಡೆಯನ್ನು ಕಟ್ಟಿಕೊಂಡು ಬಾಳುತ್ತಾನೆ?

ಈ ಪ್ರಶ್ನೆಗೆ ನೆಟ್ಟಗಿನ ಉತ್ತರ ದೊರೆಯದಿರುವುದಕ್ಕೆ ಮುಖ್ಯವಾದ ಕಾರಣ, ವಕೀಲಿಯನ್ನು ನಾವು ಒಂದೇ ಕಸುಬೆಂದು ಭಾವಿಸಿರುವುದು. ಕೊಲೆಯ ಆರೋಪ ಹೊತ್ತವನ ಪಕ್ಕದಲ್ಲಿ ನಿಲ್ಲುವವರೂ, ಅಣ್ಣತಮ್ಮಂದಿರ ಪಾಲಿನ ದಾವೆಯನ್ನು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಹೊತ್ತು ನಡೆಸುವವರೂ, ಸಂವಿಧಾನದ ಅನುಚ್ಛೇದವೊಂದರ ವ್ಯಾಪ್ತಿಯನ್ನು ಕುರಿತು ದೆಹಲಿಯಲ್ಲಿ ವಾರಗಟ್ಟಲೆ ವಾದಿಸುವವರೂ, ಕೋರ್ಟಿನ ಮೆಟ್ಟಿಲನ್ನೇ ಹತ್ತದೆ ಕರಾರುಪತ್ರಗಳನ್ನು ಬರೆಯುತ್ತ ಆಯುಷ್ಯವನ್ನು ಕಳೆಯುವವರೂ ಒಂದೇ ಸನ್ನದನ್ನು ಪಡೆದವರು. 1961ರ ವಕೀಲರ ಅಧಿನಿಯಮವು ಅವರೆಲ್ಲರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿದೆ. ಆದರೆ ಸತ್ಯವು ಅವರೊಬ್ಬೊಬ್ಬರನ್ನೂ ಪರೀಕ್ಷಿಸುವ ಸ್ಥಾನ ಬೇರೆಬೇರೆಯಾದದ್ದು. ಅವುಗಳಲ್ಲಿ ಅತ್ಯಂತ ಕಠಿನವಾದ ಸ್ಥಾನ ಜನ ಬೆರಳು ತೋರಿಸುವ ಸ್ಥಾನವಲ್ಲವೆಂದು ನನಗೆ ತೋರುತ್ತದೆ.

ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರವನ್ನು ಮೊದಲು ನೋಡೋಣ. ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಕಲ್ಪಿಸಿದೆ: ವಾದಿಯು ತನ್ನ ದೂರನ್ನು ಹೇಳುವುದು, ಪ್ರತಿವಾದಿಯು ಉತ್ತರ ಕೊಡುವುದು, ಸಾಕ್ಷಿ ಲೇಖ ಮುಂತಾದ ಸಾಧನಗಳನ್ನು ಮುಂದಿಡುವುದು, ಕೊನೆಗೆ ನಿರ್ಣಯವಾಗುವುದು. ಆ ಸ್ಮೃತಿಗೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು, ಬಂಗಾಳ ಮೊದಲಾದ ಕೆಲವು ಸೀಮೆಗಳನ್ನು ಬಿಟ್ಟರೆ, ಭರತಖಂಡದ ಹಿಂದೂ ಕುಟುಂಬಗಳ ದಾಯಭಾಗವನ್ನು ಶತಮಾನಗಳವರೆಗೆ ಆಳಿತು. ಈ ಸ್ಮೃತಿಯಲ್ಲಿ ಒಂದು ಸಣ್ಣ ವಿಧಿಯಿದೆ. ಓದುವವರು ಅದನ್ನು ಕಾರ್ಯವಿಧಾನದ ವಿವರವೆಂದು ಎಣಿಸಿ ದಾಟಿಹೋಗುತ್ತಾರೆ. ವಾದಿಯು ನಿವೇದಿಸಿದ್ದನ್ನು ಪ್ರತಿವಾದಿಯ ಎದುರಿಗೇ ಬರೆಯಿಸಬೇಕು. ಅದನ್ನು ಕೇಳಿಸಿಕೊಂಡ ಪ್ರತಿವಾದಿಯ ಉತ್ತರವನ್ನು ವಾದಿಯ ಸನ್ನಿಧಿಯಲ್ಲೇ ಬರೆಯಿಸಬೇಕು. ಯಾರ ವಿರುದ್ಧ ಮಾತು ಹೊರಡುವುದೋ ಅವನು ಆ ಮಾತು ಲೇಖನಕ್ಕಿಳಿಯುವಾಗ ಎದುರಿನಲ್ಲಿರತಕ್ಕದ್ದು ಎಂಬ ಈ ನಿಯಮದಲ್ಲಿ ನಮ್ಮ ಪ್ರಶ್ನೆಯ ಬೀಜವೇ ಅಡಗಿದೆಯೆಂದು ನಾನು ನಂಬಿದ್ದೇನೆ.

ಆ ಕಾಲದಲ್ಲಿ ಇಂದಿನ ಅರ್ಥದ ವಕೀಲನಿಗೆ ಅವಕಾಶ ಅಲ್ಪವಾಗಿತ್ತು. ಪಿತೃ, ಪುತ್ರ, ಭ್ರಾತೃಗಳಲ್ಲದೆ, ನಿಯೋಗವನ್ನೂ ಪಡೆಯದೆ, ಇನ್ನೊಬ್ಬನ ಪರವಾಗಿ ಮಾತನಾಡುವವನು ದಂಡಾರ್ಹನೆಂದು ನಾರದಸ್ಮೃತಿ ಹೇಳುತ್ತದೆ. ಶುಕ್ರನೀತಿಯಾದರೋ ನಿಯೋಗಿಯಾದ ಪ್ರತಿನಿಧಿಯನ್ನು ಒಪ್ಪಿಕೊಂಡು, ವ್ಯಾಜ್ಯದ ಮೌಲ್ಯದಲ್ಲಿ ಹದಿನಾರನೆಯ ಒಂದು ಪಾಲಿನಿಂದ ಮೊದಲುಮಾಡಿ ಕ್ರಮವಾಗಿ ಇಳಿಯುವ ಶುಲ್ಕವನ್ನೂ ಗೊತ್ತುಮಾಡುತ್ತದೆ. ಪರರ ಪರವಾಗಿ ಆಡುವ ಮಾತು ದೋಷವೆಂದು ನಮ್ಮವರು ಎಂದೂ ಹೇಳಲಿಲ್ಲ. ಒಪ್ಪಿಗೆಯಿಲ್ಲದೆ ಆಡುವ ಮಾತೂ, ಮಿತಿಯಿಲ್ಲದ ಬೆಲೆಗೆ ಆಡುವ ಮಾತೂ ದೋಷವೆಂದರು.

ಇನ್ನು ತತ್ತ್ವದ ಕಡೆಗೆ ತಿರುಗಿದರೆ, ಈ ವೃತ್ತಿಯ ಸ್ವರೂಪವನ್ನು ತಿಳಿಯಲು ನಮಗೆ ಅತ್ಯಂತ ಸಹಾಯಕವಾದದ್ದು ಜೈನ ತಾರ್ಕಿಕರ ನಯವಾದ. ವಸ್ತುವು ಅನಂತಧರ್ಮಾತ್ಮಕವಾದದ್ದು, ಅದನ್ನು ಸಮಗ್ರವಾಗಿ ಗ್ರಹಿಸುವ ಜ್ಞಾನ ಪ್ರಮಾಣ, ಅದರ ಒಂದು ಮುಖವನ್ನು ಹಿಡಿದು ಹೇಳುವ ದೃಷ್ಟಿ ನಯ. ನಯವು ಅಪೂರ್ಣವಾದರೂ ಅಸತ್ಯವಲ್ಲ. ಆದರೆ ತಾನು ಒಂದು ಮುಖವೆಂಬುದನ್ನು ಮರೆತು, ಉಳಿದ ಮುಖಗಳನ್ನು ನಿರಾಕರಿಸಿ, ತಾನೇ ಸರ್ವವೆಂದು ನಿಂತರೆ ಅದೇ ದುರ್ನಯವಾಗುತ್ತದೆ. ಸಮಂತಭದ್ರಸ್ವಾಮಿಗಳು ಆಪ್ತಮೀಮಾಂಸೆಯಲ್ಲಿ ಇದನ್ನು ನಿಷ್ಕರ್ಷಿಸಿದ್ದಾರೆ: ಪರಸ್ಪರ ಅಪೇಕ್ಷೆಯಿಲ್ಲದ ನಯಗಳು ಮಿಥ್ಯೆ, ಅಪೇಕ್ಷೆಯುಳ್ಳವು ಸಾರ್ಥಕ. ಆ ಗ್ರಂಥಕ್ಕೆ ಅಷ್ಟಶತಿಯೆಂಬ ಭಾಷ್ಯವನ್ನು ರಚಿಸಿದ ಅಕಲಂಕರ ಹೆಸರು ಕನ್ನಡನಾಡಿನ ಜೈನಪರಂಪರೆಯಲ್ಲಿ ಪೂಜ್ಯವಾಗಿ ಉಳಿದಿದೆ. ವೀತರಾಗಿಗಳಾದ ಆ ಆಚಾರ್ಯರು ಕೋರ್ಟುಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಿಲ್ಲವೆಂಬುದು ನಿಜ. ಆದರೂ ಕೋರ್ಟಿನಲ್ಲಿ ನಡೆಯುವುದಕ್ಕೆ ಇದಕ್ಕಿಂತ ಸಮರ್ಪಕವಾದ ವಿವರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ವಕೀಲನು ಆಡುವುದು ನಯವಾಕ್ಯ; ಎದುರಿನ ವಕೀಲನದೂ ನಯವಾಕ್ಯವೇ; ಅವೆರಡನ್ನೂ ಕೇಳಿ ಪ್ರಮಾಣದ ಕಡೆಗೆ ಹೆಜ್ಜೆಯಿಡುವ ಹೊಣೆ ನ್ಯಾಯಾಧೀಶನದು. ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ನ್ಯಾಯವಾದಿಯು "ನನ್ನ ಕಕ್ಷಿದಾರನು ನಿರ್ದೋಷಿಯೆಂದು ನಾನು ನಂಬಿದ್ದೇನೆ" ಎನ್ನದೆ, "ಹೀಗೆಂದು ನಿವೇದಿಸಿಕೊಳ್ಳುತ್ತೇನೆ" ಎನ್ನುವ ಸಂಪ್ರದಾಯ ಬೆಳೆದುಬಂದಿರುವುದು ಕೇವಲ ಶಿಷ್ಟಾಚಾರಕ್ಕಾಗಿ ಅಲ್ಲ. ತನ್ನ ನಂಬಿಕೆಯನ್ನು ಸಾಕ್ಷ್ಯವಾಗಿ ಒಡ್ಡದಿರುವುದರಿಂದ ಅವನು ತನ್ನ ಮಾತನ್ನು ನಯದ ಮೇರೆಯೊಳಗೆ ಇಟ್ಟುಕೊಳ್ಳುತ್ತಾನೆ.

ಈ ಮೇರೆ ಎಲ್ಲಿ ಮುರಿಯುತ್ತದೆಂಬುದನ್ನು ಅಪರಾಧ ಪ್ರಕರಣಗಳ ವಕೀಲರ ಅನುಭವ ತೋರಿಸುತ್ತದೆ. 1840ರಲ್ಲಿ ಲಂಡನ್ನಿನಲ್ಲಿ ಲಾರ್ಡ್ ವಿಲಿಯಂ ರಸೆಲ್ ಎಂಬ ವೃದ್ಧರನ್ನು ಹಾಸಿಗೆಯಲ್ಲಿಯೇ ಕತ್ತು ಕೊಯ್ದು ಕೊಂದ ಆರೋಪ ಅವರ ಸೇವಕನಾದ ಕೂರ್ವಾಸಿಯೆ ಎಂಬುವನ ಮೇಲೆ ಬಂದಿತು. ಅವನ ಪರವಾಗಿ ನಿಂತವರು ಚಾರ್ಲ್ಸ್ ಫಿಲಿಪ್ಸ್. ವಿಚಾರಣೆ ನಡೆಯುತ್ತಿರುವಾಗ ಹೊಸ ಸಾಕ್ಷ್ಯವೊಂದು ಹೊರಬೀಳಲು, ಆರೋಪಿಯು ತನ್ನ ವಕೀಲರನ್ನು ಕರೆದು, ಕೊಲೆ ಮಾಡಿದವನು ತಾನೇ ಎಂದು ಒಪ್ಪಿಕೊಂಡು, ಆದರೂ ತನ್ನ ಪರವಾಗಿ ಕೊನೆಯವರೆಗೆ ವಾದಿಸಬೇಕೆಂದು ಹೇಳಿದನು. ದಿಗ್ಭ್ರಾಂತರಾದ ಫಿಲಿಪ್ಸರು ನ್ಯಾಯಪೀಠದಲ್ಲಿದ್ದ ಬ್ಯಾರನ್ ಪಾರ್ಕರ ಸಲಹೆಯನ್ನು ಕೇಳಿದರು. ಸಾಕ್ಷ್ಯದಿಂದ ನ್ಯಾಯವಾಗಿ ಹೊರಡುವ ವಾದಗಳನ್ನೆಲ್ಲ ಮಂಡಿಸಿ ವಕಾಲತ್ತನ್ನು ಮುಂದುವರಿಸತಕ್ಕದ್ದೆಂದು ಉತ್ತರ ಬಂದಿತು. ಕೂರ್ವಾಸಿಯೆಗೆ ಮರಣದಂಡನೆಯಾಯಿತು. ಫಿಲಿಪ್ಸರ ಮೇಲಿನ ಆಕ್ಷೇಪ ಮಾತ್ರ ಹಲವು ವರ್ಷ ನಿಲ್ಲಲಿಲ್ಲ: ಅಪರಾಧಿ ಯಾರೆಂದು ತಿಳಿದೂ ಪೊಲೀಸರ ಮೇಲೆಯೂ ಮನೆಯ ಕೆಲಸದವರ ಮೇಲೆಯೂ ಸಂಶಯದ ನೆರಳನ್ನು ಬೀರಿದರೆಂದು ಜನ ದೂರಿದರು, 1849ರಲ್ಲಿ ಅವರು ಬಹಿರಂಗವಾಗಿ ತಮ್ಮ ಸಮರ್ಥನೆಯನ್ನು ಬರೆಯಬೇಕಾಯಿತು.

ವಕಾಲತ್ತನ್ನು ಮುಂದುವರಿಸಿದುದು ತಪ್ಪೆಂದು ನಾನು ಹೇಳಲಾರೆ. "ಈ ಸಾಕ್ಷ್ಯದಿಂದ ಅಪರಾಧ ಸಿದ್ಧವಾಗುವುದಿಲ್ಲ" ಎಂಬುದು ನಯವಾಕ್ಯ; ಆರೋಪಿಯು ಕೊಂದಿದ್ದರೂ ಅದು ನಿಜವಿರಬಹುದು. "ಆ ಕೆಲಸದ ಹೆಂಗಸು ಕೊಂದಿರಬಹುದು" ಎಂದು, ಅವಳು ಕೊಂದಿಲ್ಲವೆಂದು ಬಲ್ಲವನ ಬಾಯಿಂದ ಬಂದರೆ, ಅದು ಯಾವ ಮುಖದಿಂದ ನೋಡಿದರೂ ಮಿಥ್ಯೆ. ಅದರಿಂದ ನೋಯುವವಳು ಆ ಕಟಕಟೆಯಲ್ಲಿ ಉತ್ತರ ಕೊಡಲು ಅಧಿಕಾರವಿಲ್ಲದವಳು. ನಮ್ಮ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ, ಆರೋಪಿಯ ತಪ್ಪಿನ ವಿಷಯದಲ್ಲಿ ಸ್ವಂತ ಅಭಿಪ್ರಾಯವೇನೇ ಇರಲಿ ಅವನ ರಕ್ಷಣೆ ಮಾಡತಕ್ಕದ್ದೆಂದು ವಿಧಿಸಿ, ಸರ್ಕಾರದ ಪರವಾಗಿ ಆರೋಪವನ್ನು ನಡೆಸುವವನಿಗೆ ಇನ್ನೂ ಕಠಿನವಾದ ಕಟ್ಟನ್ನು ಹಾಕಿವೆ: ನಿರಪರಾಧಿಗೆ ಶಿಕ್ಷೆಯಾಗುವಂತೆ ಅವನು ನಡೆದುಕೊಳ್ಳಲಾಗದು, ಆರೋಪಿಯ ನಿರ್ದೋಷವನ್ನು ತೋರಿಸಬಲ್ಲ ಸಾಮಗ್ರಿಯನ್ನು ಅವನು ಮುಚ್ಚಿಡಲಾಗದು. ಯಾವುದಾದರೊಂದು ಘೋರ ಕೃತ್ಯ ನಡೆದಾಗ "ಇವನ ಪರ ನಾವಾರೂ ನಿಲ್ಲುವುದಿಲ್ಲ" ಎಂದು ವಕೀಲರ ಸಂಘಗಳು ಠರಾವು ಮಾಡುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2010ರಲ್ಲಿ ಕಾನೂನುಬಾಹಿರವೆಂದು ಸಾರಿದ್ದು ಸರಿಯಾಗಿಯೇ ಇದೆ; ಎರಡನೆಯ ನಯವಿಲ್ಲದ ಕಡೆ ಮೊದಲನೆಯದೂ ದುರ್ನಯವಾಗುತ್ತದೆ.

ಕಕ್ಷಿದಾರನು ಗುಟ್ಟಾಗಿ ಹೇಳಿದ ಮಾತನ್ನು ವಕೀಲನು ಹೊರಗೆಡಹಬಾರದೆಂಬ ಕಟ್ಟಳೆಯೂ ಇಲ್ಲಿಗೇ ಸಂಬಂಧಿಸಿದ್ದು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ರಕ್ಷಣೆಯನ್ನು ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಮುಂದೆ ಮಾಡಬೇಕೆಂದಿರುವ ಅಪರಾಧಕ್ಕೆ ನೆರವಾಗುವ ಮಾತಿಗೆ ಮಾತ್ರ ರಕ್ಷಣೆಯಿಲ್ಲ. ಸತ್ಯವ್ರತಿಗೆ ಮೌನವೂ ಸುಳ್ಳಲ್ಲವೇ ಎಂದು ಕೇಳುವವರು ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆಯನ್ನು ನೆನೆಯಬೇಕು. ದಸ್ಯುಗಳಿಗೆ ಹೆದರಿ ಕಾಡಿಗೆ ಓಡಿಹೋದ ಜನರ ದಾರಿಯನ್ನು, ಕೇಳಿದ ಕೂಡಲೆ ಆ ದಸ್ಯುಗಳಿಗೇ ತೋರಿಸಿಕೊಟ್ಟ ತಪಸ್ವಿಯು ಸ್ವರ್ಗವನ್ನು ಪಡೆಯದೆ ನರಕಕ್ಕೆ ಇಳಿದನು. ಶರಣು ಬಂದವನ ಮಾತನ್ನು ಕಾಯುವುದು ಸತ್ಯದ ಒಂದು ಅಂಗವೆಂದು ನಮ್ಮ ಇತಿಹಾಸಕಾವ್ಯವೇ ಹೇಳಿರುವಾಗ, ವಕೀಲನ ಮೌನಕ್ಕೆ ವಿಲಾಯಿತಿಯ ಗ್ರಂಥಗಳಿಂದ ಸಮರ್ಥನೆಯನ್ನು ತರಬೇಕಾದ ಅಗತ್ಯವಿಲ್ಲ.

ಕ್ರಿಮಿನಲ್ ಕೋರ್ಟಿನ ಧಾರ್ಮಿಕ ಅನುಭವವೆಂದರೆ ನನಗೆ ನೆನಪಾಗುವುದು ಅಲೀಪುರದ ಬಾಂಬು ಮೊಕದ್ದಮೆ. ಹಣ ಸಾಲದೆ ಮೊದಲಿನ ವಕೀಲರು ಹಿಂದೆ ಸರಿದಾಗ ಚಿತ್ತರಂಜನ ದಾಸರು ತಮ್ಮ ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು, ತಿಂಗಳುಗಟ್ಟಲೆ ಹಗಲಿರುಳು ದುಡಿದು ಅರವಿಂದರ ಪರ ವಾದಿಸಿದರು. 1909ರ ಮೇ ತಿಂಗಳಲ್ಲಿ ಅರವಿಂದರ ಬಿಡುಗಡೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ಉತ್ತರಪಾರಾದಲ್ಲಿ ಮಾಡಿದ ಭಾಷಣದಲ್ಲಿ ಅರವಿಂದರು, ವಿಚಾರಣೆಯ ವೇಳೆ ತಾವು ನ್ಯಾಯಾಧಿಕಾರಿಯನ್ನು ನೋಡಿದಾಗ ಅಲ್ಲಿ ವಾಸುದೇವನನ್ನು ಕಂಡುದಾಗಿಯೂ, ತಮ್ಮನ್ನು ಗಲ್ಲಿಗೇರಿಸಲು ವಾದಿಸುತ್ತಿದ್ದ ಸರ್ಕಾರಿ ವಕೀಲರ ಸ್ಥಾನದಲ್ಲಿಯೂ ಶ್ರೀಕೃಷ್ಣನೇ ಕುಳಿತಿದ್ದುದನ್ನು ಕಂಡುದಾಗಿಯೂ ಹೇಳಿದರು. ತಮ್ಮ ವಕೀಲರಲ್ಲಿ ದೇವರನ್ನು ಕಾಣುವುದು ಕೃತಜ್ಞತೆಯುಳ್ಳ ಯಾರಿಗೂ ಸಾಧ್ಯ. ಎದುರಾಳಿಯ ವಕೀಲನಲ್ಲಿ ಕಾಣುವುದು ಯೋಗದೃಷ್ಟಿ. ದಿನವೂ ಕೋರ್ಟಿನಲ್ಲಿ ನಿಲ್ಲುವವರಿಗೆ ಆ ದರ್ಶನವಾಗದಿದ್ದರೂ, ಎದುರಿನವನ ಮಾತೂ ಸತ್ಯದ ಒಂದು ಅಂಗವಾಗಿರಬಹುದೆಂಬ ಬುದ್ಧಿಯಷ್ಟಾದರೂ ಅವರಿಗೆ ಬೇಕು.

ಸಿವಿಲ್ ಕೋರ್ಟಿಗೆ ಬಂದರೆ ಅಲ್ಲಿ ಸತ್ಯಕ್ಕೆ ಶತ್ರುವಾಗಿ ನಿಲ್ಲುವುದು ಕಾಲ. ಪಾಲಿನ ದಾವೆಯಲ್ಲಿ ಯಾರ ಹಿಸ್ಸೆ ಎಷ್ಟೆಂಬುದು ಹಲವು ಸಲ ಮೊದಲನೆಯ ದಿನವೇ ವಕೀಲರಿಬ್ಬರಿಗೂ ತಿಳಿದಿರುತ್ತದೆ. ಆದರೂ ತಡೆಯಾಜ್ಞೆ, ವಾಯಿದೆ, ಅಪೀಲು, ಅಮಲ್ಜಾರಿ ಎಂದು ದಾವೆ ಬೆಳೆದು, ದಾವೆ ಹೂಡಿದ ಅಣ್ಣನೂ ಎದುರುಬಿದ್ದ ತಮ್ಮನೂ ತೀರಿಕೊಂಡು, ಅವರ ವಾರಸುದಾರರ ಹೆಸರುಗಳನ್ನು ದಾಖಲೆಗೆ ತರುವ ಅರ್ಜಿಗಳು ಬೀಳುತ್ತವೆ. ಇಲ್ಲಿ ಒಂದು ವಾಕ್ಯವೂ ಸುಳ್ಳಾಗಿರಬೇಕಿಲ್ಲ. ಮಾತುಗಳೆಲ್ಲ ನಿಜವಾಗಿದ್ದೂ ವಕೀಲನು ಧರ್ಮಕ್ಕೆ ಎರವಾಗಬಹುದು. ಗಾಂಧೀಜಿಯವರು ಪ್ರಿಟೋರಿಯದಲ್ಲಿ ಕಲಿತ ಪಾಠ ಇದೇ. ದಾದಾ ಅಬ್ದುಲ್ಲಾ ಶೇಠರು ತಮ್ಮ ಬಂಧುವೇ ಆದ ತಯ್ಯಬ್ ಶೇಠರ ಮೇಲೆ 40,000 ಪೌಂಡುಗಳ ದಾವೆ ಹೂಡಿದ್ದರು. ತಮ್ಮ ಪಕ್ಷ ಬಲವಾಗಿದೆಯೆಂಬುದನ್ನು ಕಾಗದಪತ್ರಗಳಿಂದ ಚೆನ್ನಾಗಿ ತಿಳಿದುಕೊಂಡಿದ್ದರೂ, ವ್ಯಾಜ್ಯವು ಮುಂದುವರಿದರೆ ಇಬ್ಬರೂ ಹಾಳಾಗುವರೆಂದು ಕಂಡು, ಗಾಂಧೀಜಿ ಉಭಯರನ್ನೂ ಪಂಚಾಯಿತಿಗೆ ಒಪ್ಪಿಸಿದರು. ತೀರ್ಮಾನ ದಾದಾ ಅಬ್ದುಲ್ಲಾರ ಕಡೆಗಾಯಿತು; ಸುಮಾರು 37,000 ಪೌಂಡುಗಳನ್ನೂ ಖರ್ಚನ್ನೂ ತಯ್ಯಬ್ ಶೇಠರು ಕೊಡಬೇಕಾಯಿತು. ಒಮ್ಮೆಗೇ ಕೊಡಬೇಕೆಂದರೆ ಅವರು ದಿವಾಳಿಯಾಗುತ್ತಿದ್ದರು. ದೀರ್ಘಾವಧಿಯ ಕಂತುಗಳಲ್ಲಿ ತೆಗೆದುಕೊಳ್ಳುವಂತೆ ಗೆದ್ದವರನ್ನು ಒಪ್ಪಿಸುವುದು, ಪಂಚಾಯಿತಿಗೆ ಇಬ್ಬರನ್ನೂ ಒಪ್ಪಿಸುವುದಕ್ಕಿಂತ ಕಷ್ಟವಾಯಿತೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸೋತವನ ಮುಖವನ್ನು ನೋಡಿ ಗೆದ್ದವನಿಗೆ ಬುದ್ಧಿ ಹೇಳಬಲ್ಲ ವಕೀಲರು ನಮ್ಮ ತಾಲೂಕು ಕೋರ್ಟುಗಳಲ್ಲಿ ಇಲ್ಲವೆಂದಲ್ಲ. ರಾಜಿಯಾದ ದಾವೆಯಿಂದ ಕೀರ್ತಿ ಬರುವುದಿಲ್ಲವಾದ್ದರಿಂದ ಅವರ ಹೆಸರು ಹೊರಗೆ ಕೇಳಿಸುವುದಿಲ್ಲ. ಲೋಕ ಅದಾಲತ್ತುಗಳೂ, 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಂಥ ಸಂಸ್ಥೆಗಳೂ ಈ ಹಳೆಯ ಗುಣಕ್ಕೆ ಒಂದು ಮನೆಯನ್ನು ಕಟ್ಟಿಕೊಟ್ಟಿವೆ.

ಎದುರಿನಲ್ಲಿ ಇರಬೇಕಾದವರನ್ನು ಹೊರಗಿಟ್ಟು ನ್ಯಾಯ ನಡೆದ ಕಾಲವೂ ಉಂಟು. ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಉನ್ನತ ಪರೀಕ್ಷೆಯನ್ನು ಕೊಟ್ಟರೂ, ಹೆಂಗಸೆಂಬ ಕಾರಣದಿಂದ ಅವರಿಗೆ ಬಹುಕಾಲ ಸನ್ನದು ದೊರೆಯಲಿಲ್ಲ. ಪರಪುರುಷರಿಗೆ ಮುಖ ತೋರಿಸದ ಪರದೆಯ ಸ್ತ್ರೀಯರು ತಮ್ಮ ಆಸ್ತಿಯ ವಿಷಯವನ್ನು ಮ್ಯಾನೇಜರು, ಗುಮಾಸ್ತರು ಹೇಳಿದಂತೆ ನಂಬಿ ಹೆಬ್ಬೆಟ್ಟೊತ್ತುತ್ತಿದ್ದ ಕಾಲದಲ್ಲಿ, 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನ ಸಹಾಯಕಿಯಾಗಿ ಅವರು ಆ ಅಂತಃಪುರಗಳಿಗೆ ಹೋಗಿ ಒಬ್ಬೊಬ್ಬರ ಮಾತನ್ನು ಕೇಳಿಕೊಂಡರು. ಕಲ್ಕತ್ತೆಯ ಹೈಕೋರ್ಟು 1916ರಲ್ಲಿ ರೆಜಿನಾ ಗುಹಾ ಅವರ ಅರ್ಜಿಯನ್ನೂ, ಪಾಟ್ನಾ ಹೈಕೋರ್ಟು 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನೂ ತಿರಸ್ಕರಿಸಿದವು; 1923ರ ಕಾಯಿದೆಯಿಂದ ಬಾಗಿಲು ತೆರೆಯಿತು. ಕಲ್ಯಾಣದಲ್ಲಿ ಬರೆದ ಮಿತಾಕ್ಷರೆಯ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಹಕ್ಕು ಪಡೆಯುವವನು ಮಗನೊಬ್ಬನೇ ಎಂದು ನ್ಯಾಯಾಲಯಗಳು ಪರಂಪರೆಯಾಗಿ ನಡೆಸಿಕೊಂಡು ಬಂದುದನ್ನು, ಕರ್ನಾಟಕವು 1994ರ ತಿದ್ದುಪಡಿಯಿಂದ ಬದಲಿಸಿ ಮಗಳನ್ನೂ ಸಮಭಾಗಿಯನ್ನಾಗಿ ಮಾಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಅಷ್ಟು ಶತಮಾನಗಳ ಪಾಲುಪಟ್ಟಿಗಳಲ್ಲಿ ಒಂದು ನಯವು ಕೇಳಿಸಿರಲೇ ಇಲ್ಲ.

ನಮ್ಮ ರಾಜ್ಯದ ಭೂಸುಧಾರಣೆಯ ಚರಿತ್ರೆಯಲ್ಲಿ ಇದರ ಇನ್ನೊಂದು ಮುಖವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರ ಹಕ್ಕನ್ನು ನಿರ್ಣಯಿಸಲು ಏರ್ಪಟ್ಟ ಭೂನ್ಯಾಯ ಮಂಡಳಿಗಳ ಮುಂದೆ ವಕೀಲರು ಹಾಜರಾಗಬಾರದೆಂದು ಶಾಸನವೇ ನಿಷೇಧಿಸಿತು. ಈ ನಿಷೇಧದ ಹಿಂದಿನ ಸಂಕಟ ಅರ್ಥವಾಗುವಂಥದು: ಒಡೆಯನು ಊರಿನ ಅತ್ಯುತ್ತಮ ವಕೀಲರನ್ನು ತರಬಲ್ಲನು, ಗೇಣಿದಾರನು ಕೈಮುಗಿದು ನಿಲ್ಲಬೇಕಾದೀತು, ಮಾತಿನ ಬಲದಲ್ಲಿ ಅಸಮಾನರಾದವರ ನಡುವೆ ವಕೀಲರನ್ನು ಇಬ್ಬರಿಗೂ ತಪ್ಪಿಸಿದರೆ ಸಮಾನತೆ ಬಂದೀತು. ಸುಪ್ರೀಂ ಕೋರ್ಟು 1987ರಲ್ಲಿ, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ಕೇಂದ್ರದ ವಕೀಲರ ಅಧಿನಿಯಮಕ್ಕೆ ವಿರುದ್ಧವಾದ ಆ ನಿಷೇಧ ನಿಲ್ಲದೆಂದು ಹೇಳಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ. ಆದರೂ ಆ ನಿಷೇಧವನ್ನು ಬರೆದವರ ಶಂಕೆಗೆ ವಕೀಲಸಮುದಾಯವು ಇನ್ನೂ ಪೂರ್ತಿಯಾಗಿ ಉತ್ತರ ಕೊಟ್ಟಿಲ್ಲವೆಂದೇ ನಾನು ತಿಳಿಯುತ್ತೇನೆ. ಎರಡು ನಯಗಳೂ ಇರಬೇಕೆಂದರೆ ಸಾಲದು, ಎರಡಕ್ಕೂ ಧ್ವನಿಯಿರಬೇಕು. ಸಂವಿಧಾನದ 39ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದದ್ದು ಇದಕ್ಕಾಗಿಯೇ.

ಇಲ್ಲಿ ಶುಲ್ಕದ ಮಾತು ತಾನಾಗಿ ಬರುತ್ತದೆ. ಶರಣರು ಕಾಯಕವನ್ನು ಪೂಜೆಯೆಂದರು. ಆದರೆ ಯಾವ ದುಡಿಮೆಯನ್ನಾದರೂ ಎಷ್ಟು ಬೆಲೆಗಾದರೂ ಪೂಜೆಯೆನ್ನಲಿಲ್ಲ. ಆಯ್ದಕ್ಕಿ ಮಾರಯ್ಯನು ದಿನದ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳೆಂಬ ಕಥೆ ವಕೀಲರ ಮನೆಯಲ್ಲಿ ಹೇಳಬೇಕಾದ ಕಥೆ. ವ್ಯಾಜ್ಯದ ಫಲಿತಾಂಶವನ್ನವಲಂಬಿಸಿ ಶುಲ್ಕವನ್ನು ಗೊತ್ತುಮಾಡಿಕೊಳ್ಳಬಾರದು, ಗೆದ್ದ ಸ್ವತ್ತಿನಲ್ಲಿ ಪಾಲು ಬೇಡಬಾರದು, ತಾನು ವಕೀಲನಾಗಿದ್ದ ಪ್ರಕರಣದ ಡಿಕ್ರಿಯಲ್ಲಿ ಹರಾಜಾಗುವ ಆಸ್ತಿಯನ್ನು ಕೂಗಿ ಕೊಳ್ಳಬಾರದು ಎಂದು ನಮ್ಮ ನಿಯಮಗಳು ಹೇಳುತ್ತವೆ. ಕಕ್ಷಿದಾರನ ಪಕ್ಷವು ವಕೀಲನ ಸ್ವಂತ ಸ್ವತ್ತಾಗಿಬಿಟ್ಟರೆ ಅವನು ಅದನ್ನು ನಯವೆಂದು ನೋಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ.

ಸಂವಿಧಾನದ ಪ್ರಕರಣಗಳಲ್ಲಿ ಕಕ್ಷಿದಾರನು ಬಹುವೇಳೆ ನಿಮಿತ್ತಮಾತ್ರನು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣೆಯಿಂದ ಮಠದ ಭೂಮಿಗೆ ಬಂದ ಆಪತ್ತನ್ನು ನಿವಾರಿಸಿಕೊಳ್ಳಲು 1970ರಲ್ಲಿ ಸಲ್ಲಿಸಿದ ಅರ್ಜಿಯು, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದೆಂಬ ಮಹಾಪ್ರಶ್ನೆಯಾಗಿ ಬೆಳೆದು, ಹದಿಮೂರು ನ್ಯಾಯಾಧೀಶರ ಮುಂದೆ 68 ದಿನ ವಾದವಾಗಿ, 1973ರ ಏಪ್ರಿಲ್ 24ರಂದು ಏಳು ಆರರ ಅಂತರದಿಂದ ತೀರ್ಮಾನವಾಯಿತು. ಮೂಲರಚನೆಯ ಸಿದ್ಧಾಂತ ದೇಶಕ್ಕೆ ದೊರೆಯಿತು. ಭೂಮಿಯ ವಿಷಯದಲ್ಲಿ ಮಠಕ್ಕೆ ಗೆಲುವು ದೊರೆಯಲಿಲ್ಲ. ಬಹುಮತದ ಪಕ್ಷದಲ್ಲಿದ್ದ, ಕೌಡೂರಿನವರಾದ ಕೆ. ಎಸ್. ಹೆಗ್ಡೆಯವರು, ಮರುದಿನವೇ ಮುಖ್ಯನ್ಯಾಯಾಧೀಶರ ನೇಮಕದಲ್ಲಿ ತಮ್ಮನ್ನು ದಾಟಿಹೋದುದಕ್ಕಾಗಿ ಇನ್ನಿಬ್ಬರೊಡನೆ ರಾಜೀನಾಮೆಯಿತ್ತರು. ಅರ್ಜಿದಾರರ ಪರ ನಾನಿ ಪಾಲ್ಖಿವಾಲಾ, ಕೇರಳದ ಪರ ಎಚ್. ಎಂ. ಸೀರ್ವಾಯಿ ವಾದಿಸಿದರು. ಮೂಲರಚನೆಯ ವಿರುದ್ಧ ತಮ್ಮ ಸಮಸ್ತ ಪಾಂಡಿತ್ಯವನ್ನೂ ಒಡ್ಡಿದ್ದ ಸೀರ್ವಾಯಿಯವರು, ತುರ್ತುಪರಿಸ್ಥಿತಿಯ ಅನುಭವದ ಅನಂತರ, ಭಾರತದ ಸಂವಿಧಾನವನ್ನು ಕುರಿತ ತಮ್ಮ ಮಹಾಗ್ರಂಥದಲ್ಲಿ ಆ ಸಿದ್ಧಾಂತವನ್ನು ಒಪ್ಪಿಕೊಂಡರು. ಕೋರ್ಟಿನಲ್ಲಿ ಆಡಿದ್ದು ನಯವೆಂಬ ಅರಿವು ಇಲ್ಲದವರಿಗೆ ಇಂಥ ಒಪ್ಪಿಗೆ ಸಾಧ್ಯವಾಗದು.

ಪಾಲ್ಖಿವಾಲಾರ ಬಾಳಿನ ಇನ್ನೊಂದು ಸಂಗತಿ ಇದಕ್ಕಿಂತ ಕಠಿನವಾದ ಪ್ರಶ್ನೆಯನ್ನು ಎತ್ತುತ್ತದೆ. 1975ರ ಜೂನ್ 23ರಂದು ಇಂದಿರಾ ಗಾಂಧಿಯವರ ಪರವಾಗಿ, ಅವರ ಚುನಾವಣೆಯನ್ನು ರದ್ದುಮಾಡಿದ ತೀರ್ಪಿಗೆ ತಡೆಯಾಜ್ಞೆಯನ್ನು ಕೋರಿ ವಾದಿಸಿದ ಅವರು, ತುರ್ತುಪರಿಸ್ಥಿತಿ ಘೋಷಣೆಯಾದ ಕೂಡಲೆ ಆ ವಕಾಲತ್ತನ್ನು ಹಿಂದಿರುಗಿಸಿದರು. ಕೊಲೆಗಾರನ ಪರ ನಿಲ್ಲಬಹುದಾದರೆ ಪ್ರಧಾನಮಂತ್ರಿಯ ಪರ ನಿಲ್ಲಬಾರದೇಕೆ? ನನಗೆ ತೋರುವ ಉತ್ತರವಿದು. ಕೊಲೆಗಾರನು ತನ್ನ ಎದುರಿನವರ ಬಾಯನ್ನು ಮುಚ್ಚಿಸಿ ಕೋರ್ಟಿಗೆ ಬಂದಿರುವುದಿಲ್ಲ. ಎದುರಾಳಿಗಳನ್ನು ಸೆರೆಮನೆಗೆ ಕಳುಹಿಸಿ ಪತ್ರಿಕೆಗಳನ್ನು ಕಟ್ಟಿಹಾಕಿದ ಕಕ್ಷಿದಾರನ ಪರ ಆಡಿದ ಮಾತು, ಎಷ್ಟೇ ಸತ್ಯವಾಗಿದ್ದರೂ, ನಯವಾಗಿ ಉಳಿಯಲು ಬೇಕಾದ ಅಪೇಕ್ಷೆಯನ್ನು ಕಳೆದುಕೊಂಡಿರುತ್ತದೆ.

ಇಷ್ಟು ಹೇಳಿದ ಮೇಲೆ, ಜನರ ಆಕ್ಷೇಪಕ್ಕೆ ಎಂದೂ ಗುರಿಯಾಗದ ವಕೀಲರ ಕಡೆಗೆ ಬರುತ್ತೇನೆ. ಇವರು ಕ್ರಯಪತ್ರ, ಉಯಿಲು, ಅಡಮಾನ, ಉದ್ಯೋಗದ ಕರಾರು, ಕಂಪನಿಗಳ ಒಪ್ಪಂದ, ತೆರಿಗೆಯ ಸಲಹೆ ಇವುಗಳಲ್ಲಿಯೇ ಜೀವನವನ್ನು ಕಳೆಯತಕ್ಕವರು. ಹೊಸ ಪದವೀಧರರಲ್ಲಿ ಬುದ್ಧಿವಂತರಾದ ಅನೇಕರು ಈಗ ಬೆಂಗಳೂರು ಮುಂಬಯಿಗಳಲ್ಲಿ ಆಯ್ದುಕೊಳ್ಳುತ್ತಿರುವುದು ಈ ದಾರಿಯನ್ನೇ. ಕೋರ್ಟಿನ ಜೂನಿಯರ್ ಅನುಭವಿಸುವ ಬಡತನ ಇಲ್ಲಿಲ್ಲ. ಇವರು ಸುಳ್ಳು ಹೇಳುವರೆಂದು ಯಾವ ಅಜ್ಜನೂ ಶಂಕಿಸುವುದಿಲ್ಲ. ಆದರೆ ಇವರ ಮಾತಿಗೆ ಅಲ್ಲಿಯೇ ಉತ್ತರ ಹೇಳುವವರಿಲ್ಲ, ಉತ್ತರವನ್ನು ತೂಗುವ ನ್ಯಾಯಾಧೀಶರಿಲ್ಲ. ಕೋರ್ಟಿನ ವಕೀಲನು ದುರ್ನಯಕ್ಕಿಳಿದರೆ ಎದುರಿನ ವಕೀಲನು ಎದ್ದು ನಿಲ್ಲುತ್ತಾನೆ. ಕಚೇರಿಯ ವಕೀಲನು ಇಳಿದರೆ ಹತ್ತು ವರ್ಷ ಯಾರಿಗೂ ತಿಳಿಯುವುದಿಲ್ಲ. ತಂದೆಯು ಒಬ್ಬ ಮಗನ ಹೆಸರಿಗೆ ಬರೆದ ಉಯಿಲಿನಿಂದ ಹೊರಗುಳಿಯುವ ಮಗಳು ಆ ಕೋಣೆಯಲ್ಲಿ ಇರುವುದಿಲ್ಲ. ನಲವತ್ತು ಪುಟಗಳ ಕರಾರಿಗೆ ರುಜು ಹಾಕುವ ನೌಕರನು ಅದನ್ನು ಬರೆದವರನ್ನು ನೋಡಿಯೇ ಇರುವುದಿಲ್ಲ. ಪವರ್ ಆಫ್ ಅಟಾರ್ನಿಯ ಮೂಲಕ ನಿವೇಶನಗಳನ್ನು ಮಾರುವ ಪದ್ಧತಿಯಿಂದ ಸ್ವಾಮಿತ್ವವು ವರ್ಗವಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸುವ ಹೊತ್ತಿಗೆ, ಅಂಥ ಕಾಗದಗಳನ್ನು ನಂಬಿ ಮನೆ ಕಟ್ಟಿಕೊಂಡವರು ನಮ್ಮ ನಗರಗಳಲ್ಲಿ ಲೆಕ್ಕವಿಲ್ಲದಷ್ಟಾಗಿದ್ದರು. ಆ ಪ್ರತಿಯೊಂದು ಕಾಗದದ ಒಕ್ಕಣೆಯೂ ಬಲ್ಲವರೊಬ್ಬರ ಕೈಯಿಂದ ಬಂದದ್ದು. ತೆರಿಗೆಯ ವಿಷಯವೂ ಹೀಗೆಯೇ. ತೆರಿಗೆಯನ್ನು ತಪ್ಪಿಸಲು ಹೂಡುವ ಬಣ್ಣದ ಉಪಾಯಗಳು ತೆರಿಗೆಯ ಯೋಜನೆಯೆನಿಸಲಾರವೆಂದು 1985ರ ಮೆಕ್‌ಡವೆಲ್ ತೀರ್ಪು ಎಚ್ಚರಿಸಿತಾದರೂ, ಮೇರೆ ಎಲ್ಲಿದೆಯೆಂಬ ಚರ್ಚೆ ಇಂದಿಗೂ ನಡೆದಿದೆ. ಅಲ್ಲಿ ಎದುರಿನಲ್ಲಿಲ್ಲದವರು, ಆ ತೆರಿಗೆಯಿಂದ ನಡೆಯಬೇಕಾದ ಶಾಲೆಯ ಮಕ್ಕಳು.

ಪ್ರತಿವಾದಿಯ ಎದುರಿಗೇ ಬರೆಯಿಸಬೇಕೆಂಬ ಯಾಜ್ಞವಲ್ಕ್ಯನ ವಿಧಿಯು ಈ ವಕೀಲರಿಗೆ ಕಾರ್ಯವಿಧಾನವಾಗಿ ಉಳಿಯದೆ ಸಾಧನೆಯಾಗಿಬಿಡುತ್ತದೆ. ಇಲ್ಲದವರನ್ನು ಇದ್ದಾರೆಂದು ಭಾವಿಸಿಕೊಂಡು ಬರೆಯಬೇಕು. ಅವರು ಕೇಳಬಹುದಾದ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳಬೇಕು. ಅದಕ್ಕೆ ಉತ್ತರವಿಲ್ಲದ ಷರತ್ತನ್ನು ಕಕ್ಷಿದಾರನಿಗೆ ತೋರಿಸಿ, ಅದು ಬೇಡವೆಂದು ಹೇಳಬೇಕು. ದೇವರು ಎದುರಿನಲ್ಲಿದ್ದಾನೆಂದು ಭಾವಿಸುವ ಅಭ್ಯಾಸ ನಮ್ಮ ಜನಕ್ಕೆ ಪರಂಪರೆಯಿಂದ ಬಂದಿದೆ. ನೆರೆಯವನು ಎದುರಿನಲ್ಲಿದ್ದಾನೆಂದು ಭಾವಿಸುವುದು ಅದಕ್ಕಿಂತ ಪ್ರಯಾಸದ ಧ್ಯಾನ.

ಆದಕಾರಣ, ಈ ದಾರಿಯನ್ನೇ ಹಿಡಿಯಬಯಸುವ ತರುಣತರುಣಿಯರಿಗೆ ನನ್ನದೊಂದು ಸೂಚನೆಯಿದೆ. ಮೊದಲ ಒಂದೆರಡು ವರ್ಷಗಳನ್ನು ಅವರು ಯಾವುದಾದರೂ ತಾಲೂಕು ಕೋರ್ಟಿನಲ್ಲಿ, ಒಳ್ಳೆಯ ಸೀನಿಯರೊಬ್ಬರ ಬಳಿ ಕಳೆಯಬೇಕು. ತಾವು ಬರೆದ ದಾವಾಪತ್ರಕ್ಕೆ ಎದುರಿನವರು ಸಲ್ಲಿಸುವ ಉತ್ತರವನ್ನು ಅಲ್ಲಿ ಓದಬೇಕು. ಯಾರೋ ಯಾವಾಗಲೋ ಕಚೇರಿಯಲ್ಲಿ ಕುಳಿತು ಬರೆದ ಕ್ರಯಪತ್ರದ ಒಂದು ಸಾಲಿನ ಮೇಲೆ, ಅದಕ್ಕೆ ಹೆಬ್ಬೆಟ್ಟೊತ್ತಿದ ಮುದುಕಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ನಡೆಸುವ ಪಾಟೀಸವಾಲನ್ನು ಕೇಳಬೇಕು. ಆ ಅವಧಿಯಲ್ಲಿ ಸಂಪಾದನೆ ಅಲ್ಪವಾದ್ದರಿಂದ ಬಡವರ ಮಕ್ಕಳಿಗೆ ಇದು ಅಸಾಧ್ಯವೆಂಬ ಆಕ್ಷೇಪ ನಿಜವಾದದ್ದು. ಅವರಿಗೆ ಆ ಕಾಲದ ವೇತನವನ್ನು ಕೊಡುವ ಹೊಣೆಯನ್ನು, ಅವರ ಜ್ಞಾನದಿಂದ ಮುಂದೆ ಲಾಭ ಪಡೆಯಲಿರುವ ದೊಡ್ಡ ವಕೀಲಿ ಸಂಸ್ಥೆಗಳೇ ಹೊರುವುದು ಉಚಿತ.